ಅರವತ್ತನಾಲ್ಕು ಮೆಟ್ಟಿಲ ಮೇಲಿನ ಕುಣಿತ

ಮೊಂತೆಸೆಲ್ವಾ
೧೪ ಜನವರಿ ೧೯೯೭

ಪ್ರೀತಿಯ ಅಕ್ಕ ಇಸೊಲಿನಾ,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾಲುಚೀಲ ತಲುಪಿತು. ಅಳತೆ ಸರಿಯಾಗಿದೆ. ಬಣ್ಣದ ಬಗ್ಗೆ ನಾವಿಬ್ಬರೂ ಮಾತಾಡದಿರುವುದು ಒಳ್ಳೆಯದು.

ಈಗ ಕುರ್ಚಿಯಲ್ಲಿ ಸರಿಯಾಗಿ ಕೂತುಕೊಂಡು ಓದು. ನಲವತ್ತು ವರ್ಷ ಈ ಜಿಲ್ಲೆಯ ಹೊಲ, ರಸ್ತೆ, ಸ್ಮಶಾನಗಳನ್ನೆಲ್ಲ ಸರಪಳಿ ಎಳೆದು ಅಳೆದ ಭೂಮಾಪಕ ಎವಾರಿಸ್ತೊ, ಅಂದರೆ ನಿನ್ನ ಒಬ್ಬನೇ ತಮ್ಮ, ಅರವತ್ತಾರನೆಯ ವಯಸ್ಸಿನಲ್ಲಿ ಕುಣಿಯುತ್ತಿದ್ದಾನೆ. ಊರ ಹಬ್ಬದಲ್ಲಿ ಅಕಾರ್ಡಿಯನ್‌ಗೆ ಕುಣಿಯುವ ಕುಣಿತವಲ್ಲ. ಐನೂರು ವರ್ಷದ ಹಿಂದೆ ನಮ್ಮ ಡ್ಯೂಕನ ಆಸ್ಥಾನದಲ್ಲಿ ಕುಣಿಯುತ್ತಿದ್ದದ್ದು. ದಿನಕ್ಕೊಂದು ಗಂಟೆ ನಡೆಯಬೇಕೆಂದು ಡಾಕ್ಟರು ಹೇಳಿದರು. ಎಲ್ಲಿಗೂ ಹೋಗದೆ ಸುಮ್ಮನೆ ನಡೆಯುವುದು ನಾಯಿಗೆ ಸರಿ, ಸರ್ಕಾರಿ ನೌಕರನಿಗಲ್ಲ. ಹಾಗಾಗಿ ಸೇರಿಕೊಂಡೆ.

ಮಂಗಳವಾರ ಸಂಜೆ ಐದಕ್ಕೆ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಸೇರುತ್ತೇವೆ. ನಾವು ಹದಿನಾಲ್ಕು ಜನ, ಗಂಡಸರು ಇಬ್ಬರೇ. ನನಗೆ ಅಲ್ಲಿ ಎಂಥ ಬೇಡಿಕೆ ಎಂಬುದನ್ನು ನೀನೇ ಊಹಿಸು. ನನ್ನ ಜೋಡಿ ಮಾಂಸದಂಗಡಿಯ ಪಾಲ್ಮಿರಾ. ಕಲಿಸುವವಳು ಮಿರೆಲ್ಲಾ, ಶಾಲೆಯಲ್ಲಿ ರಸಾಯನಶಾಸ್ತ್ರದ ಟೀಚರು. ಮೊದಲ ದಿನವೇ ಎಲ್ಲರೆದುರು ನನಗೆ ಹೇಳಿದಳು: "ಎವಾರಿಸ್ತೊ ಅವರೇ, ನೆಲ ಅಳೀಬೇಡಿ, ನೆಲದ ಮೇಲೆ ನಡೀರಿ." ನಲವತ್ತು ವರ್ಷದ ಅನುಭವಕ್ಕೆ ಇದು ಮರ್ಯಾದೆ.

ಈ ಕುಣಿತಕ್ಕೆ ಒಂದು ಕಟ್ಟಳೆ ಇದೆ. ಸಭೆಗೆ ಒಂದು ತಲೆ ಇರುತ್ತದೆ: ದೊರೆ ಕೂರುವ ಕಡೆ. ಎಡ, ಬಲ, ಮುಂದೆ, ಹಿಂದೆ ಎಲ್ಲವನ್ನೂ ಅಲ್ಲಿಂದಲೇ ಎಣಿಸಬೇಕು. ಬಾಗುವುದೂ ಅದಕ್ಕೇ, ಅದೂ ಎಡಗಾಲಿನಿಂದ. ಅರಮನೆಯ ಮಹಡಿಯ ಹಜಾರದಲ್ಲಿ ಆ ತಲೆ ದೊಡ್ಡ ಅಗ್ಗಿಷ್ಟಿಕೆಯ ಬದಿ. ಡ್ಯೂಕನೂ ಅಲ್ಲೇ ಕೂರುತ್ತಿದ್ದ, ಮೇಯರೂ ಅಲ್ಲೇ ಕೂರುತ್ತಾರೆ. ನಾನು ಹಜಾರವನ್ನು ಅಳೆದು ನಕ್ಷೆ ಬರೆದು ಅದನ್ನು ನನ್ನ ಅಡುಗೆಮನೆಯ ನೆಲಕ್ಕೆ ಸೀಮೆಸುಣ್ಣದಲ್ಲಿ ಇಳಿಸಿದ್ದೇನೆ. ಒಲೆಯೇ ಅಗ್ಗಿಷ್ಟಿಕೆ. ಪ್ರತಿದಿನ ಬೆಳಿಗ್ಗೆ ಒಲೆಗೆ ಬಾಗುತ್ತೇನೆ. ಎದುರುಮನೆಯವಳು ಕಿಟಕಿಯಿಂದ ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು.

ಮೇ ೩೧ರ ಶನಿವಾರ ಅರಮನೆಯಲ್ಲಿ ಪ್ರದರ್ಶನ. ನೀನು ಬರಬೇಕು. ಹನ್ನೊಂದು ವರ್ಷವಾಯಿತು ನೀನು ಊರಿಗೆ ಬಂದು.

ನಿನ್ನ ತಮ್ಮ
ಎವಾರಿಸ್ತೊ


ತ್ರಿಯೆಸ್ತೆ
೨೭ ಜನವರಿ ೧೯೯೭

ತಮ್ಮಾ,

ಎರಡು ಸಲ ಓದಿದೆ, ಮೂರನೆಯ ಸಲ ಕೆಳಗಿನ ಮನೆಯವರಿಗೆ ಓದಿ ಹೇಳಿದೆ. ಮೂವರು ಅತ್ತೇಬಿಟ್ಟರು, ನಗುತ್ತ.

ನಿನಗೆ ನೆನಪಿದೆಯೋ ಇಲ್ಲವೋ. ಅಮ್ಮನ ಹೆಸರಿನ ಸಂತರ ದಿನಕ್ಕೆ ನಿನಗೆ ವಾಲ್ಟ್ಸ್ ಕಲಿಸಲು ಹೋಗಿ ನಾನು ಒಂದು ವಾರ ಕುಂಟಿದ್ದೆ. ಎಡ ಯಾವುದು, ಬಲ ಯಾವುದು ನಿನಗೆ ಗೊತ್ತಾಗುತ್ತಿರಲಿಲ್ಲ. ಕಡೆಗೆ ಗೋಡೆಗೊರಗಿ ನಿಂತು ನಾನು ಎಡಗೈ ಎತ್ತಬೇಕು, ನೀನು ಎಡಗಾಲು ಇಡಬೇಕು, ಹಾಗೆ ಮಾಡಿಕೊಂಡೆವು. ಇಂಥವನು ಜಿಲ್ಲೆಯ ಗಡಿ ಗುರುತಿಸಿದ ಎಂದಾಗಲೆಲ್ಲ ನನಗೆ ಪಕ್ಕದ ಜಿಲ್ಲೆಯವರ ಯೋಚನೆ ಬರುತ್ತಿತ್ತು.

ಬರುತ್ತೇನೆ. ಖಂಡಿತ ಬರುತ್ತೇನೆ. ಅರಮನೆಯ ಆ ಅರವತ್ತನಾಲ್ಕು ಮೆಟ್ಟಿಲು ಹತ್ತಿ, ಮುಂದಿನ ಸಾಲಿನಲ್ಲೇ ಕೂತು, ನೀನು ತಪ್ಪಿದಾಗಲೆಲ್ಲ ಜೋರಾಗಿ ಕೆಮ್ಮುತ್ತೇನೆ.

ಫೋನು ಮಾಡಬೇಡ. ಫೋನಿನಲ್ಲಿ ನೀನು ಕಿರುಚುತ್ತೀಯ. ಕಾಗದದಲ್ಲೂ ಕಿರುಚುತ್ತೀಯ, ಆದರೆ ಮಡಚಿಡಬಹುದು.

ಇಸೊಲಿನಾ


ಮೊಂತೆಸೆಲ್ವಾ
೬ ಮಾರ್ಚ್ ೧೯೯೭

ಅಕ್ಕ,

ಫೆಬ್ರವರಿಯಲ್ಲಿ ನಾನು ಬರೆದ ಎರಡು ಕಾಗದಕ್ಕೂ ನಿನ್ನಿಂದ ಒಂದು ಅಕ್ಷರ ಇಲ್ಲ. ಫೋನು ಮಾಡಬೇಡ ಎಂದದ್ದನ್ನು ಲೆಕ್ಕಿಸದೆ ಮಾಡಿದೆ; ಹತ್ತು ಹನ್ನೆರಡು ಸಲ ಬಡಿದುಕೊಂಡು ಅದೇ ಸುಮ್ಮನಾಯಿತು. ಅಲೆಯುತ್ತಿದ್ದೀಯ ಎಂದಾಯಿತು. ಎಪ್ಪತ್ತೆರಡು ವರ್ಷಕ್ಕೆ ಅಲೆಯುವ ಚಟ. ಇರಲಿ.

ಇಲ್ಲಿ ಅನ್ಯಾಯದ ಮೇಲೆ ಅನ್ಯಾಯ. ಪ್ರದರ್ಶನದ ದಿನ ಕನ್ನಡಕ ಹಾಕಬಾರದಂತೆ. "ನೋಡೋಕೆ ಚೆನ್ನಾಗಿರಲ್ಲ" ಎನ್ನುತ್ತಾಳೆ ಮಿರೆಲ್ಲಾ. ಆ ಕಾಲದಲ್ಲೂ ಕನ್ನಡಕ ಇತ್ತು, ನಾನು ಗ್ರಂಥಾಲಯದಲ್ಲಿ ನೋಡಿ ಬಂದೆ, ಚಿತ್ರದ ಸಮೇತ ತೋರಿಸಿದೆ. ಅವಳು ಚಿತ್ರವನ್ನು ನೋಡಿ ಏನಂದಳು ಗೊತ್ತೇ? "ಇವರು ಕುಣೀತಿಲ್ವಲ್ಲ, ಸಾಯ್ತಾ ಇದಾರೆ." ಹಾಸಿಗೆಯ ಮೇಲಿದ್ದ ಪಾದ್ರಿಯ ಚಿತ್ರ ಅದು, ನಿಜ. ಆದರೂ ಕನ್ನಡಕ ಕನ್ನಡಕವೇ.

ಕನ್ನಡಕ ತೆಗೆದರೆ ನನಗೆ ಮೂರು ಮೀಟರಿನಾಚೆ ಮನುಷ್ಯರೆಲ್ಲ ಮೂಟೆಗಳು. ಪಾಲ್ಮಿರಾ ಸಮಾಧಾನ ಹೇಳಿದಳು: "ನನ್ನ ಕೈ ಬಿಡಬೇಡ ಮಾರಾಯ, ಎಳ್ಕೊಂಡು ಹೋಗ್ತೀನಿ. ಎಂಥೆಂಥಾ ಕರುಗಳನ್ನ ಎಳ್ದಿದೀನಿ."

ಕಳೆದ ವಾರ ಊರ ವಾರಪತ್ರಿಕೆಯವನು ಬಂದು ಫೋಟೋ ತೆಗೆದ. ಆ ಪತ್ರಿಕೆ ತ್ರಿಯೆಸ್ತೆಗೆ ಬರುವುದಿಲ್ಲ ಅಲ್ಲವೇ? ಸುಮ್ಮನೆ ಕೇಳಿದೆ.

ಎವಾರಿಸ್ತೊ


ಗ್ರಾದೊ, ಸಮುದ್ರ ತೀರ
೧೯ ಮಾರ್ಚ್ ೧೯೯೭

ತಮ್ಮಾ,

ಕಾಗದಗಳನ್ನೆಲ್ಲ ಕೆಳಗಿನ ಮನೆಯವರು ಇಲ್ಲಿಗೆ ತಂದುಕೊಟ್ಟರು. ಸದ್ಯಕ್ಕೆ ಈ ವಿಳಾಸಕ್ಕೇ ಬರಿ. ಸ್ವಲ್ಪ ದಿನ ಸಮುದ್ರದ ಗಾಳಿ ತೆಗೆದುಕೊಳ್ಳಲು ಬಂದಿದ್ದೇನೆ. ಕ್ರೈಸ್ತ ಸಿಸ್ಟರುಗಳು ನಡೆಸುವ ಮನೆ. ಸಾರಿಗೆ ಉಪ್ಪಿಲ್ಲ. ಉದ್ದದ ಪಡಸಾಲೆ, ಗೋಡೆಗುಂಟ ಮರದ ಹಿಡಿಕೆ. ಬೆಳಿಗ್ಗೆ ಜೋರಾ ಎಂಬ ಹುಡುಗಿ ಬಂದು ಲೆಕ್ಕ ಹೇಳುತ್ತಾಳೆ, ನಾನು ಹೆಜ್ಜೆ ಹಾಕುತ್ತೇನೆ. ನಿನ್ನೆ ಹನ್ನೊಂದು ಹೆಜ್ಜೆ. ನೀನೊಬ್ಬನೇ ಕಲಿಯುತ್ತಿದ್ದೀಯ ಎಂದುಕೊಳ್ಳಬೇಡ.

ವಾರಪತ್ರಿಕೆ ತ್ರಿಯೆಸ್ತೆಗೆ ಬರುತ್ತದೆ. ಮೂವತ್ತು ವರ್ಷದಿಂದ ತರಿಸುತ್ತಿದ್ದೇನೆ, ಯಾರು ಸತ್ತರು ಎಂದು ನೋಡಲು. ಫೋಟೋ ನೋಡಿದೆ. ಭುಜಕ್ಕೆ ನೀಲಿ ಪಟ್ಟಿ ಕಟ್ಟಿಕೊಂಡ ಎತ್ತರದ ಹೆಂಗಸೊಬ್ಬಳು, ಅವಳ ಬೆರಳ ತುದಿ ಹಿಡಿದು, ಸೊಂಟಕ್ಕೆ ಬಿಳಿ ಕರವಸ್ತ್ರ ಸಿಕ್ಕಿಸಿಕೊಂಡು, ಕಣ್ಣು ತಗ್ಗಿಸಿ ನಿಂತ ನನ್ನ ತಮ್ಮ. ಕೆಳಗೆ ಬರೆದಿದ್ದಾರೆ: "ನೀಲಿ ಪಟ್ಟಿಯವರು ಪುರುಷರ ಪಾತ್ರ, ಬಿಳಿ ಕರವಸ್ತ್ರದವರು ಮಹಿಳೆಯರ ಪಾತ್ರ."

ಬೇಡಿಕೆ ಎಂದಿದ್ದೆಯಲ್ಲ. ಯಾವ ಬಗೆಯ ಬೇಡಿಕೆ ಎಂದು ಈಗ ತಿಳಿಯಿತು.

ಇಸೊಲಿನಾ


ಮೊಂತೆಸೆಲ್ವಾ
೨ ಏಪ್ರಿಲ್ ೧೯೯೭

ಅಕ್ಕ,

ಹೌದು. ನಾನು ಹೆಂಗಸಿನ ಪಾತ್ರ. ಮಿರೆಲ್ಲಾ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಎತ್ತರ ನೋಡಿದಳು. ನಾನು ನೂರಾ ಅರವತ್ತೊಂದು ಸೆಂಟಿಮೀಟರು, ಪಾಲ್ಮಿರಾ ನೂರಾ ಎಪ್ಪತ್ತೆಂಟು. "ದಾರಿ ತೋರ್ಸೋರು ಎತ್ತರ ಇರ್ಬೇಕು" ಎಂದಳು, ಅಷ್ಟೇ, ತೀರ್ಪು ಆಯಿತು. ಮೇಲ್ಮನವಿಗೆ ಅವಕಾಶವಿಲ್ಲ. ಆದರೆ ಒಂದು ಮಾತು ತಿಳಿದಿರಲಿ. ಕುಣಿತದ ಕೊನೆಯಲ್ಲಿ ಪ್ರತಿ ಜೋಡಿಯ ಹೆಂಗಸು ಒಬ್ಬಳೇ ಸಭೆಯ ತಲೆಯವರೆಗೆ ನಾಲ್ಕು ಹೆಜ್ಜೆ ನಡೆದು ಬಾಗಬೇಕು. ಗಂಡಸರು ಹಿಂದೆ ನಿಂತು ಕಾಯಬೇಕು. ಇಡೀ ಹಜಾರ ಆಗ ಹೆಂಗಸನ್ನೇ ನೋಡುತ್ತದೆ. ಅಂದರೆ ನನ್ನನ್ನು.

ನಿನ್ನ ವಿಹಾರದ ವಿವರ ಓದಿ ಸಂತೋಷವಾಯಿತು ಎಂದು ಬರೆಯಬೇಕು, ಬರೆದೆ. ಪಡಸಾಲೆಗೆಲ್ಲ ಹಿಡಿಕೆ ಇರುವಂಥ ಹೋಟೆಲು, ಹೆಜ್ಜೆ ಕಲಿಸಲು ಮನೆಗೇ ಬರುವ ಹುಡುಗಿ. ನನ್ನನ್ನು ನೋಡಿ ಹುರುಪು ಬಂದು ನೀನೂ ಡ್ಯಾನ್ಸ್ ಕ್ಲಾಸಿಗೆ ಸೇರಿದೆ. ಸ್ವಂತ ಬುದ್ಧಿ ನಿನಗೆ ಚಿಕ್ಕಂದಿನಿಂದಲೂ ಕಡಿಮೆ.

ಈಗ ನಿಜವಾದ ವಿಷಯ. ನಗರಸಭೆಯವರು ಅರಮನೆಗೆ ಲಿಫ್ಟು ಹಾಕುತ್ತಿದ್ದಾರೆ. ಬಾಗಿಲು ಎಲ್ಲಿ ತೆರೆಯುತ್ತದೆ? ಅಗ್ಗಿಷ್ಟಿಕೆಯ ಪಕ್ಕದಲ್ಲಿ. ಡ್ಯೂಕ್ ಕೂತ ಜಾಗದಲ್ಲಿ ಒಂದು ತಗಡಿನ ಬಾಗಿಲು ಟಿಣ್ ಎನ್ನುತ್ತ ತೆರೆಯಬೇಕು, ಒಳಗಿನಿಂದ ಯಾರೋ ಚೀಲ ಹಿಡಿದುಕೊಂಡು ಇಳಿಯಬೇಕು. ನಾನು ಸುಮ್ಮನಿರಲಿಲ್ಲ. ಮನವಿ ಬರೆದು, ಮೂವತ್ತೊಂದು ಸಹಿ ಸಂಗ್ರಹಿಸಿದ್ದೇನೆ. ಅದರ ಮೂರನೆಯ ಸಾಲು ಎಲ್ಲರಿಗೂ ಮೆಚ್ಚುಗೆಯಾಯಿತು: "ಅರವತ್ತನಾಲ್ಕು ಮೆಟ್ಟಿಲು ಹತ್ತಲಾರದವರು ಮನೆಯಲ್ಲಿ ಕೂತು ಟೀವಿ ನೋಡಲಿ, ಕುಣಿತ ನೋಡಲು ಕಾಲಿನಲ್ಲಿ ಕಸುವಿರಬೇಕು."

ಇದರ ಜೊತೆ ಒಂದು ಪ್ರತಿ ಇಟ್ಟಿದ್ದೇನೆ. ಹುಟ್ಟೂರಿನವಳಾಗಿ ನಿನ್ನ ಸಹಿಯೂ ಬೇಕು. ಬೇಗ ಕಳಿಸು.

ಎವಾರಿಸ್ತೊ


ಗ್ರಾದೊ
೧೫ ಏಪ್ರಿಲ್ ೧೯೯೭

ಎವಾರಿಸ್ತೊ,

ಮನವಿ ತಲುಪಿತು. ಸಹಿ ಹಾಕಲಾರೆ. ಮೇ ತಿಂಗಳಿಗೆ ನಾನು ಬರುವುದೂ ಆಗಲಾರದು. ಚೆನ್ನಾಗಿ ಕುಣಿ.

ಇಸೊಲಿನಾ


ಮೊಂತೆಸೆಲ್ವಾ
೨೪ ಏಪ್ರಿಲ್ ೧೯೯೭

ಅಕ್ಕ,

ನಾಲ್ಕು ಸಾಲು. ವಿದ್ಯುತ್ ಇಲಾಖೆಯವರು ಕರೆಂಟ್ ಕಡಿಯುವ ಮುಂಚೆ ನನಗೆ ಇದಕ್ಕಿಂತ ಉದ್ದ ಬರೆಯುತ್ತಾರೆ.

ಕಾರಣ ನನಗೆ ಗೊತ್ತು, ನೀನು ಹೇಳಬೇಕಾಗಿಲ್ಲ. ಬಿಳಿ ಕರವಸ್ತ್ರ. ತ್ರಿಯೆಸ್ತೆಯ ಗೌರವಸ್ಥರ ನಡುವೆ ನಲವತ್ತೈದು ವರ್ಷ ಬಾಳಿದವಳಿಗೆ, ಸೊಂಟಕ್ಕೆ ಕರವಸ್ತ್ರ ಸಿಕ್ಕಿಸಿಕೊಂಡ ತಮ್ಮನನ್ನು ಮುಂದಿನ ಸಾಲಿನಲ್ಲಿ ಕೂತು ನೋಡಲು ನಾಚಿಕೆ. ಜನವರಿಯಲ್ಲಿ "ಖಂಡಿತ ಬರುತ್ತೇನೆ" ಎಂದು ಬರೆದವಳು ನೀನೇ. ಆ ಕಾಗದ ನನ್ನ ಮೇಜಿನ ಮೇಲೆ ಇದೆ, ಬೇಕಾದರೆ ನಕಲು ಕಳಿಸುತ್ತೇನೆ.

ಮಂಗಳವಾರ ಮನಸ್ಸಿಲ್ಲದೆ ಕುಣಿದೆ. ಪಾಲ್ಮಿರಾಗೆ ಗೊತ್ತಾಯಿತು. "ಏನಾಯ್ತು, ಕೈ ಯಾಕೆ ಒದ್ದೆ ಬಟ್ಟೆ ಥರ ಇದೆ" ಎಂದಳು. ಅಕ್ಕ ಬರುವುದಿಲ್ಲವಂತೆ ಎಂದೆ. "ಯಾಕಂತೆ?" ಎಂದಳು. ಸಮುದ್ರ ತೀರದಲ್ಲಿ ಮಜಾ ಮಾಡುತ್ತಿದ್ದಾಳೆ, ಪಡಸಾಲೆಗೆಲ್ಲ ಹಿಡಿಕೆ ಹಾಕಿಸಿದ ಹೋಟೆಲಿನಲ್ಲಿ ಎಂದೆ. "ನಿಮ್ಮಕ್ಕನ ವಿಳಾಸ ಕೊಡು" ಎಂದಳು. ಯಾಕೆ ಎಂದರೆ, "ಸಾಸೇಜು ಕಳ್ಸೋಕೆ." ಕೊಟ್ಟಿದ್ದೇನೆ. ನಿನಗೆ ಸಾಸೇಜು ಸಿಗುತ್ತದೆ, ನನಗೆ ಸಿಕ್ಕದ್ದು ನಾಲ್ಕು ಸಾಲು.

ಎವಾರಿಸ್ತೊ


ಗ್ರಾದೊ
೯ ಮೇ ೧೯೯೭

ತಮ್ಮಾ,

ಸಾಸೇಜು ಬಂತು. ಸಿಸ್ಟರುಗಳಿಗೆ ಕಾಣದಂತೆ ದಿಂಬಿನ ಕೆಳಗಿಟ್ಟುಕೊಂಡು ತಿಂದೆ. ಪಾಲ್ಮಿರಾ ಒಳ್ಳೆಯವಳು, ಅಕ್ಷರವೂ ಚೆನ್ನಾಗಿದೆ.

ನನಗೆ ನಾಚಿಕೆಯೇನೂ ಇಲ್ಲ. ನಿನ್ನ ಕೆನ್ನೆಮೀಸೆಯನ್ನು ಸಹಿಸಿಕೊಂಡವಳು ಕರವಸ್ತ್ರಕ್ಕೆ ಹೆದರುತ್ತೇನೆಯೇ. ಒಂದೇ ಪ್ರಶ್ನೆ: ಆ ಲಿಫ್ಟು ಮುಗಿಯಿತೇ, ಕೆಲಸ ಮಾಡುತ್ತದೆಯೇ? ನಿನ್ನೆ ಇಪ್ಪತ್ತೊಂಬತ್ತು ಹೆಜ್ಜೆ.

ಇಸೊಲಿನಾ


ಮೊಂತೆಸೆಲ್ವಾ
೨೬ ಮೇ ೧೯೯೭

ಅಕ್ಕ,

ಕಡೆಗೂ ನಿನಗೆ ಆ ಲಿಫ್ಟಿನ ಘೋರತೆ ಅರ್ಥವಾಯಿತು ಎಂದು ತಿಳಿಯುತ್ತೇನೆ. ಮುಗಿಯಿತು, ಕೆಲಸವೂ ಮಾಡುತ್ತದೆ, ಅದೇ ದುರಂತ. ಮೊನ್ನೆ ಬುಧವಾರ ಉದ್ಘಾಟನೆಯಾಯಿತು. ಮೇಯರು ರಿಬ್ಬನ್ ಕತ್ತರಿಸಿ ಒಳಗೆ ಹೋಗಿ ಮೇಲಕ್ಕೆ ಏರಿದರು. ವಯಸ್ಸು ನಲವತ್ತೊಂದು, ಎರಡು ಕಾಲೂ ನೆಟ್ಟಗಿವೆ.

ನಾನು ಪ್ರತಿಭಟಿಸುತ್ತಿದ್ದೇನೆ. ನಾಳೆ ಅರಮನೆಯ ಹಜಾರದಲ್ಲಿ ನಮ್ಮ ಕೊನೆಯ ತಾಲೀಮು. ಹೋಗುವುದಿಲ್ಲ. ಮಿರೆಲ್ಲಾಗೆ ಬರೆದು ತಿಳಿಸಿದ್ದೇನೆ: ಆ ತಗಡಿನ ಬಾಗಿಲ ಎದುರು ಪ್ರದರ್ಶನದ ದಿನ ಒಂದೇ ಸಲ ಬಾಗುತ್ತೇನೆ, ಎರಡು ಸಲ ಬಾಗಲಾರೆ. ಅವಳು ಮನೆಗೇ ಬಂದು ಬಾಗಿಲು ತಟ್ಟಿದಳು. "ಹೊಸದೊಂದು ವಿಷಯ ಹೇಳೋದಿದೆ, ಬನ್ನಿ ಪ್ಲೀಸ್" ಎಂದಳು. ನಾಲ್ಕು ತಿಂಗಳು ಒಲೆಗೆ ಬಾಗಿದವನಿಗೆ ಹೊಸದಾಗಿ ಹೇಳುವುದೇನಿದೆ ಎಂದು ಒಳಗಿನಿಂದಲೇ ಉತ್ತರ ಕೊಟ್ಟೆ. ಹೋದಳು.

ಶನಿವಾರ ಸಂಜೆ ಆರಕ್ಕೆ. ನೀನು ಬರುವುದಿಲ್ಲ ಎಂದು ಗೊತ್ತಿದ್ದರೂ ತಿಳಿಸಿದ್ದೇನೆ.

ಎವಾರಿಸ್ತೊ


ಮೊಂತೆಸೆಲ್ವಾ
೨ ಜೂನ್ ೧೯೯೭

ಅಕ್ಕ,

ನಾನು ಇನ್ನು ಕುಣಿಯುವುದಿಲ್ಲ. ಈ ಊರಿನಲ್ಲಿ ಇರುವುದೂ ಅನುಮಾನ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ, ನ್ಯಾಯ ನೀನೇ ಹೇಳು. ಲಿಫ್ಟಿನ ಬಾಗಿಲ ಮುಂದೆ ಜಾಗ ಖಾಲಿ ಬಿಡಬೇಕೆಂದು ಅಗ್ನಿಶಾಮಕದವರು ಅಪ್ಪಣೆ ಮಾಡಿದ್ದರಂತೆ. ಹಾಗಾಗಿ ಮೇಯರು, ಅವರ ಹೆಂಡತಿ, ಪಾದ್ರಿ, ಎಲ್ಲರ ಕುರ್ಚಿಗಳನ್ನೂ ಅಗ್ಗಿಷ್ಟಿಕೆಯ ಕಡೆಯಿಂದ ಎತ್ತಿ ಎದುರು ಬದಿಯ ಕಿಟಕಿಗಳ ಕಡೆ ಹಾಕಿದ್ದಾರೆ. ಐನೂರು ವರ್ಷ ಒಂದು ಕಡೆ ಇದ್ದ ಸಭೆಯ ತಲೆ ಇನ್ನೊಂದು ಕಡೆಗೆ ಹೋಗಿದೆ, ನನಗೆ ಮಾತ್ರ ಗೊತ್ತಿಲ್ಲ. ತಾಲೀಮಿನಲ್ಲಿ ಮಿರೆಲ್ಲಾ ಎಲ್ಲರಿಗೂ ಹೇಳಿದ್ದಳಂತೆ. ನಾನು ಬಾಗಿಲು ಹಾಕಿಕೊಂಡದ್ದಕ್ಕೆ ಬಾಗಿಲ ಮೂಲಕ ಕಿರುಚಿ ಹೇಳಬಹುದಿತ್ತಲ್ಲ, ಬಾಯಿ ಇರಲಿಲ್ಲವೇ.

ಪಾಲ್ಮಿರಾ ಕೈ ಹಿಡಿದಿದ್ದಷ್ಟು ಹೊತ್ತು ಎಲ್ಲ ಸುಸೂತ್ರ. ಅವಳು ತಿರುಗಿಸಿದ ಕಡೆ ತಿರುಗಿದೆ. ಆಮೇಲೆ ನಾನೊಬ್ಬನೇ ನಡೆಯುವ ಭಾಗ. ಕನ್ನಡಕ ಇಲ್ಲ. ಕಾಲುಗಳು ತಮ್ಮಷ್ಟಕ್ಕೆ ಒಲೆಯ ಕಡೆ ಹೊರಟವು. ಉಳಿದ ಆರು ಹೆಂಗಸರು ಮೇಯರ ಕಡೆ ನಡೆದರು. ನಾನು ಇಡೀ ಹಜಾರಕ್ಕೆ ಬೆನ್ನು ಹಾಕಿ, ನಾಲ್ಕು ಹೆಜ್ಜೆ, ಲಿಫ್ಟಿನ ಬಾಗಿಲವರೆಗೆ. ಹಿಂದಿನಿಂದ ಪಾಲ್ಮಿರಾ, "ಎವಾರಿಸ್ತೊ, ಈ ಕಡೆ, ಈ ಕಡೆ" ಎನ್ನುತ್ತಿದ್ದಳು. ಆಮೇಲೆ ಯಾಕೋ ಸುಮ್ಮನಾದಳು.

ಅಲ್ಲಿ ಬಾಗಿಲ ಪಕ್ಕಕ್ಕೆ ಒಂದೇ ಒಂದು ಕುರ್ಚಿ ಇತ್ತು. ಅದರಲ್ಲಿ ಬೂದು ಕೋಟಿನ ಒಬ್ಬಳು ದಪ್ಪ ಮುದುಕಿ, ಲಿಫ್ಟಿನಿಂದ ಇಳಿದು ಕೂತವಳು, ಮಂಜುಮಂಜಾಗಿ ಕಂಡಳು. ನಾನು ಬಾಗಲು ಹೊರಟೆ. ಅವಳು ನನ್ನನ್ನು ಗೇಲಿ ಮಾಡುತ್ತ ಕೈ ಎತ್ತಿ ಆಡಿಸಿದಳು. ಭುಜ ಕುಲುಕಿಸಿ ನಗುತ್ತಿದ್ದಳು, ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಳ್ಳುವಷ್ಟು. ಶುರುಮಾಡಿದ ಮೇಲೆ ಬಿಡುವಂತಿಲ್ಲ. ಮೂರು ಎಣಿಕೆಯನ್ನೂ ಪೂರ್ತಿ ಬಾಗಿದೆ. ಆಮೇಲೆ ನೆಟ್ಟಗೆ ಮೆಟ್ಟಿಲ ಕಡೆ ಹೋದೆ. ಅರವತ್ತನಾಲ್ಕು ಮೆಟ್ಟಿಲನ್ನು ಯಾರೂ ಅಷ್ಟು ಬೇಗ ಇಳಿದಿರಲಾರರು.

ಭಾನುವಾರ ಬೆಳಿಗ್ಗೆ ಕೆಳಗಿನ ಬಾಗಿಲ ಗಂಟೆ ಬಡಿಯಿತು. ಪಾಲ್ಮಿರಾ ಸಮಾಧಾನ ಮಾಡಲು ಬಂದಳೆಂದು ತಿಳಿದು, ಕಿಟಕಿಯ ಪರದೆಯ ಹಿಂದಿನಿಂದ, "ಯಾರೂ ಇಲ್ಲ, ಎವಾರಿಸ್ತೊ ಸತ್ತ" ಎಂದು ಕೂಗಿದೆ. ನೀನು ಬಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಕಡೇಪಕ್ಷ ಕೆಮ್ಮಿರುತ್ತಿದ್ದೆ.

ಎವಾರಿಸ್ತೊ


ತ್ರಿಯೆಸ್ತೆ, ನನ್ನ ಮನೆ
೭ ಜೂನ್ ೧೯೯೭

ಸತ್ತ ತಮ್ಮನಿಗೆ,

ಕೋಟು ಬೂದು ಅಲ್ಲ, ಹಸಿರು. ದಪ್ಪದ ಬಗ್ಗೆ ಎದುರಿಗೆ ಸಿಕ್ಕಾಗ ಮಾತಾಡೋಣ.

ಫೆಬ್ರವರಿ ಮೂರರಂದು ಅಂಗಡಿಯ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಗ್ರಾದೊದ್ದು ಹೋಟೆಲಲ್ಲ, ಮೂಳೆ ಮುರಿದವರಿಗೆ ಮತ್ತೆ ನಡೆಯಲು ಕಲಿಸುವ ಜಾಗ. ನಿನಗೆ ಹೇಳಲಿಲ್ಲ. ಹೇಳಿದ್ದರೆ ಕುಣಿತ ಬಿಟ್ಟು ಓಡಿ ಬಂದು, ಹಾಸಿಗೆಯ ಪಕ್ಕ ಕೂತು, ಸಿಸ್ಟರುಗಳ ಮೇಲೆ ಮನವಿ ಬರೆಯುತ್ತಿದ್ದೆ. ಆಮೇಲೆ ಹೇಳೋಣವೆಂದುಕೊಳ್ಳುವಷ್ಟರಲ್ಲಿ ನಿನ್ನ ಮೂರನೆಯ ಸಾಲು ಬಂತು, ಕಾಲಿನ ಕಸುವಿನದ್ದು. ಅದನ್ನು ಓದಿದ ದಿನ ಜೋರಾ ಎಷ್ಟು ಕರೆದರೂ ನಾನು ಹಾಸಿಗೆಯಿಂದ ಏಳಲಿಲ್ಲ.

ಪಾಲ್ಮಿರಾ ನಿನ್ನ ಹೋಟೆಲಿನ ವರ್ಣನೆ ಕೇಳಿದ ಕೂಡಲೇ ತಿಳಿದುಕೊಂಡಳು. ಅವಳ ತಾಯಿಯೂ ಅಂಥ ಹಿಡಿಕೆ ಹಿಡಿದೇ ನಡೆಯಲು ಕಲಿತವಳಂತೆ. ಸಾಸೇಜಿನ ಜೊತೆ ಬರೆದಳು: "ಬನ್ನಿ ಅಕ್ಕಾ, ಲಿಫ್ಟ್ ಬರ್ತಿದೆ. ಅವನಿಗೆ ಹೇಳಲ್ಲ." ಜೋರಾ ತನ್ನ ಕಾರಿನಲ್ಲಿ ಕರೆತಂದಳು.

ನಾನು ನಗುತ್ತಿರಲಿಲ್ಲ, ಎವಾರಿಸ್ತೊ. ನಮ್ಮ ಅಪ್ಪನ ಹಾಗೆ ತಲೆ ಎತ್ತಿಕೊಂಡು, ಎಲ್ಲರಿಗೂ ಬೆನ್ನು ಹಾಕಿ, ನೀನು ನನ್ನ ಕಡೆಗೇ ನಡೆದು ಬಂದೆ. ಗುರುತು ಸಿಕ್ಕೇ ಬಂದೆ ಎಂದುಕೊಂಡೆ. ಹತ್ತಿರ ಬಂದು ನಿಂತಾಗ ನೀನು ಬಲಗಾಲು ಎತ್ತುತ್ತಿದ್ದೆ. ಅದಕ್ಕೇ ಎಡಗೈ ಎತ್ತಿದೆ. ನೀನು ಕಾಲು ಬದಲಿಸಿದೆ.

ಲಿಫ್ಟು ಕೆಳಗೆ ಬರುವಷ್ಟರಲ್ಲಿ ನೀನು ಚೌಕ ದಾಟಿಯಾಗಿತ್ತು. ಮರುದಿನ ಗಂಟೆ ಬಾರಿಸಿದ್ದೂ ನಾನೇ. ಪರದೆಯ ಹಿಂದಿನ ಕೂಗು ಕೇಳಿ, ಮೂರು ಮಹಡಿ ಹತ್ತಲೂ ಆಗದೆ, ಬಂದ ದಾರಿಗೆ ಮರಳಿದೆ.

ನಿನ್ನ ಮನವಿ ವಾಪಸು ಕಳಿಸಿದ್ದೇನೆ. ಲಿಫ್ಟಿನಲ್ಲಿ ಒಂದು ದೋಷವಂತೂ ನಿಜ: ಮೇಲೆ ಏರಲು ಯುಗ ಹಿಡಿಯುತ್ತದೆ, ಕೂರಲು ಏನೂ ಇಲ್ಲ.

ಇಸೊಲಿನಾ


ಮೊಂತೆಸೆಲ್ವಾ
೧೨ ಜೂನ್ ೧೯೯೭

ಅಕ್ಕ,

ನಾಲ್ಕು ತಿಂಗಳು. ನಾಲ್ಕು ತಿಂಗಳು ನೀನು ಮುರಿದ ಮೂಳೆ ಇಟ್ಟುಕೊಂಡು ನನ್ನಿಂದ ಕನ್ನಡಕ, ಕರವಸ್ತ್ರ, ತಗಡಿನ ಬಾಗಿಲು ಎಂದು ಬರೆಸಿಕೊಂಡೆ. ಇಂಥ ಮೋಸವನ್ನು ನಾನು ಸರ್ಕಾರಿ ಕಚೇರಿಯಲ್ಲೂ ಕಂಡಿಲ್ಲ. ಇದರ ವಿಚಾರಣೆ ಎದುರಾಬದುರು ಆಗಬೇಕು. ಶನಿವಾರ ಮಧ್ಯಾಹ್ನದ ರೈಲಿಗೆ ಬರುತ್ತಿದ್ದೇನೆ, ಬೊಲೊನ್ಯಾದಲ್ಲಿ ಬದಲಿಸಿ. ಅಳತೆ ಪಟ್ಟಿ ತರುತ್ತೇನೆ. ನಿನ್ನ ಮನೆಯ ಪಡಸಾಲೆಗೆ ಹಿಡಿಕೆ ಯಾವ ಎತ್ತರಕ್ಕೆ ಬೇಕೆಂದು ನಾನೇ ನೋಡುತ್ತೇನೆ. ಸಿಸ್ಟರುಗಳು ಅಂದಾಜಿನಲ್ಲಿ ಹಾಕಿರುತ್ತಾರೆ.

ಮಿರೆಲ್ಲಾ ನಿನ್ನೆ ಬಂದಿದ್ದಳು. ಈ ಸಲ ಬಾಗಿಲು ತೆರೆದೆ. "ತಪ್ಪು ಕಡೆ ಬಾಗಿದ್ರಿ, ಪರ್ವಾಗಿಲ್ಲ, ಮುಂದಿನ ವರ್ಷ ಸರಿ ಮಾಡ್ಕೊಳ್ಳೋಣ" ಎಂದಳು. ನಾನು ತಪ್ಪೊಪ್ಪಿಕೊಂಡಿಲ್ಲ. ಸಭೆಯ ತಲೆ ಎಲ್ಲಿರಬೇಕೋ ಅಲ್ಲೇ ಇತ್ತು, ಬಾಗು ಸರಿಯಾದ ಕಡೆಗೇ ಆಗಿದೆ, ತಪ್ಪಿದ್ದು ಉಳಿದ ಆರು ಜನ ಎಂದು ಬರವಣಿಗೆಯಲ್ಲೇ ಕೊಟ್ಟಿದ್ದೇನೆ. ಪಾಲ್ಮಿರಾ ಸಾಕ್ಷಿ ಹಾಕಿದ್ದಾಳೆ.

ಹಳೆಯ ಮನವಿಯನ್ನು ಒಲೆಗೆ ಹಾಕಿದೆ. ಹೊಸದನ್ನು ಇದರ ಜೊತೆ ಇಟ್ಟಿದ್ದೇನೆ. ಲಿಫ್ಟಿನೊಳಗೆ ಕೂರಲು ಬೆಂಚು ಇಲ್ಲದಿರುವುದು ಈ ನಗರಸಭೆಗೆ ನಾಚಿಕೆಗೇಡು. ನಾನು ಒಳಗೆ ಹೋಗಿ ಅಳೆದು ಬಂದೆ, ಮೂರು ಸಲ ಏರಿ ಇಳಿದೆ. ನಲವತ್ತು ಸೆಂಟಿಮೀಟರಿನ ಬೆಂಚು ಧಾರಾಳವಾಗಿ ಹಿಡಿಯುತ್ತದೆ.

ಮೊದಲ ಸಹಿ ನನ್ನದು. ಎರಡನೆಯ ಸಾಲು ಖಾಲಿ ಬಿಟ್ಟಿದ್ದೇನೆ. ಅದಕ್ಕಿಂತ ಮೊದಲು ಬೇರೆ ಯಾರಿಂದಲೂ ಹಾಕಿಸುವುದಿಲ್ಲ.

ಎವಾರಿಸ್ತೊ